ಓದುಗರ ಪ್ರಶ್ನೆಗಳಿಗೆ ಉತ್ತರ: ನೆಲ ಚಿಕ್ಕದಾದರೆ ಹಕ್ಕೂ ಚಿಕ್ಕದೇ?

ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾದಲ್ಲಿ 2024ರ ಮೇ ತಿಂಗಳಲ್ಲಿ ನಡೆದ ಗಲಭೆಯ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಜಗತ್ತಿನಲ್ಲಿ ಇನ್ನೂ ಸ್ವಯಮಾಡಳಿತ ದೊರೆಯದ ಸಣ್ಣ ದ್ವೀಪಗಳು ಹಲವಿವೆ ಎಂಬ ಮಾತನ್ನೂ, ಟೊಕೆಲಾವ್ ಎಂಬ ದ್ವೀಪಸಮೂಹದ ಉದಾಹರಣೆಯನ್ನೂ ಅಲ್ಲಿ ಪ್ರಸ್ತಾಪಿಸಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ವಸಾಹತುಗಳ ಕಾಲ ಎಂದೋ ಮುಗಿಯಿತು ಎಂದು ಶಾಲೆಯಲ್ಲಿ ಓದಿದವರು ನಾವು. ‘ಸ್ವಯಮಾಡಳಿತವಿಲ್ಲದ ಪ್ರದೇಶ’ ಎಂದು ಯಾವುದನ್ನು ಕರೆಯುತ್ತಾರೆ? ಅದನ್ನು ನಿರ್ಧರಿಸುವವರು ಯಾರು? (ದಾವಣಗೆರೆಯ ಓದುಗರು)

ಉತ್ತರ: ಬಹುಪಾಲು ಮುಗಿಯಿತು, ಪೂರ್ತಿಯಾಗಿ ಮುಗಿದಿಲ್ಲ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಇಂದಿಗೂ 17 ಪ್ರದೇಶಗಳಿವೆ. ಪಶ್ಚಿಮ ಸಹಾರಾ ಮತ್ತು ಜಿಬ್ರಾಲ್ಟರ್ ಇವೆರಡನ್ನು ಬಿಟ್ಟರೆ ಉಳಿದ ಹದಿನೈದೂ ದ್ವೀಪಗಳು. ಹದಿನೇಳರಲ್ಲಿ ಹತ್ತು ಬ್ರಿಟನ್ನಿನ ಆಡಳಿತದಲ್ಲಿವೆ, ಮೂರು ಅಮೆರಿಕದ, ಎರಡು ಫ್ರಾನ್ಸಿನ, ಒಂದು ನ್ಯೂಜಿಲೆಂಡಿನ ಆಡಳಿತದಲ್ಲಿವೆ. ಬರ್ಮುಡಾ, ಗ್ವಾಮ್, ಸೇಂಟ್ ಹೆಲೆನಾ ಮುಂತಾದ ಹೆಸರುಗಳನ್ನು ನೀವು ಕೇಳಿರುತ್ತೀರಿ. ಐವತ್ತು ಜನರೂ ಇಲ್ಲದ ಪಿಟ್‌ಕೇರ್ನ್ ಕೂಡ ಆ ಪಟ್ಟಿಯಲ್ಲಿದೆ.

ಇದರ ಮೂಲ ಇರುವುದು 1945ರ ವಿಶ್ವಸಂಸ್ಥೆಯ ಸನ್ನದಿನ 73ನೇ ವಿಧಿಯಲ್ಲಿ. ಜನರು ಇನ್ನೂ ಪೂರ್ಣ ಸ್ವಯಮಾಡಳಿತ ಪಡೆಯದ ಪ್ರದೇಶವನ್ನು ಆಳುವ ರಾಷ್ಟ್ರವು ಅಲ್ಲಿನ ನಿವಾಸಿಗಳ ಹಿತವನ್ನೇ ಮುಖ್ಯವೆಂದು ಭಾವಿಸಬೇಕು, ಆ ಹೊಣೆಯನ್ನು ಪವಿತ್ರವೆಂದು ಒಪ್ಪಿಕೊಳ್ಳಬೇಕು, ಅಲ್ಲಿನ ಸ್ಥಿತಿಗತಿಯ ವರದಿಯನ್ನು ವಿಶ್ವಸಂಸ್ಥೆಗೆ ಕಳುಹಿಸುತ್ತಿರಬೇಕು ಎಂದು ಆ ವಿಧಿ ಹೇಳುತ್ತದೆ. 1946ರಲ್ಲಿ ಎಂಟು ರಾಷ್ಟ್ರಗಳು 72 ಪ್ರದೇಶಗಳನ್ನು ಹೆಸರಿಸಿದವು. 1960ರ ಡಿಸೆಂಬರ್ 14ರಂದು ಮಹಾಸಭೆಯು ಎಲ್ಲ ಜನಸಮುದಾಯಗಳಿಗೂ ಸ್ವಯಂನಿರ್ಣಯದ ಹಕ್ಕಿದೆ ಎಂದು ಸಾರುವ 1514ನೇ ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ 89 ಮತಗಳು ಬಂದವು, ವಿರುದ್ಧವಾಗಿ ಒಂದೂ ಬರಲಿಲ್ಲ, ಒಂಬತ್ತು ರಾಷ್ಟ್ರಗಳು ತಟಸ್ಥವಾಗಿದ್ದವು. ಮರುದಿನವೇ ಬಂದ 1541ನೇ ನಿರ್ಣಯವು, ಸ್ವಯಮಾಡಳಿತವನ್ನು ಮೂರು ದಾರಿಗಳಲ್ಲಿ ತಲುಪಬಹುದು ಎಂದು ಸ್ಪಷ್ಟಪಡಿಸಿತು. ಮೊದಲನೆಯದು ಪೂರ್ಣ ಸ್ವಾತಂತ್ರ್ಯ. ಎರಡನೆಯದು ಮುಕ್ತ ಸಹಯೋಗ, ಅಂದರೆ ತನ್ನ ಸಂವಿಧಾನವನ್ನು ತಾನೇ ಬರೆದುಕೊಂಡು, ಬೇಕೆಂದಾಗ ಹೊರಬರುವ ಹಕ್ಕನ್ನು ಉಳಿಸಿಕೊಂಡು, ಇನ್ನೊಂದು ದೇಶದೊಂದಿಗೆ ಒಪ್ಪಂದದ ಮೇಲೆ ಕೂಡಿರುವುದು. ಮೂರನೆಯದು ಸಮಾನ ಹಕ್ಕುಗಳೊಂದಿಗೆ ಮತ್ತೊಂದು ದೇಶದಲ್ಲಿ ವಿಲೀನವಾಗುವುದು. ಈ ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ಸರಿಯೇ. ಆರಿಸುವವರು ಮಾತ್ರ ಆ ನೆಲದ ಜನರೇ ಆಗಿರಬೇಕು.

ಆಳುವ ದೇಶ ‘ಇವರು ನಮ್ಮವರೇ’ ಎಂದಾಕ್ಷಣ ಪ್ರದೇಶವೊಂದು ಪಟ್ಟಿಯಿಂದ ಹೊರಗೆ ಹೋಗುವುದಿಲ್ಲ. ಫ್ರಾನ್ಸ್ 1947ರಿಂದ ನ್ಯೂ ಕ್ಯಾಲಿಡೋನಿಯಾದ ವರದಿ ಕಳುಹಿಸುವುದನ್ನು ನಿಲ್ಲಿಸಿತ್ತು. ಮಹಾಸಭೆ 1986ರಲ್ಲಿ ಅದನ್ನು ಮತ್ತೆ ಪಟ್ಟಿಗೆ ಸೇರಿಸಿತು. ಫ್ರೆಂಚ್ ಪಾಲಿನೇಷ್ಯಾ ಕೂಡ ಫ್ರಾನ್ಸಿನ ಆಕ್ಷೇಪದ ನಡುವೆಯೇ 2013ರಲ್ಲಿ ಪಟ್ಟಿಗೆ ಮರಳಿತು. 1966ರಿಂದ 1996ರವರೆಗೆ ಫ್ರಾನ್ಸ್ 193 ಅಣುಸ್ಫೋಟಗಳನ್ನು ನಡೆಸಿದ್ದು ಆ ದ್ವೀಪಗಳ ಹವಳದ ದಿಬ್ಬಗಳಲ್ಲಿ.

ಪ್ರಶ್ನೆ: ಟೊಕೆಲಾವ್ ದ್ವೀಪದವರು ಎರಡು ಸಲ ಮತ ಹಾಕಿಯೂ ಪಟ್ಟಿಯಲ್ಲೇ ಉಳಿದರು ಎಂದು ಬರೆದಿದ್ದಿರಿ. ಕೈಗೆ ಬಂದ ಸ್ವಾತಂತ್ರ್ಯವನ್ನು ಯಾರಾದರೂ ಬೇಡವೆನ್ನುತ್ತಾರೆಯೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ನಿಮ್ಮ ಪ್ರಶ್ನೆಯೊಳಗಿನ ಎರಡು ಮಾತುಗಳನ್ನು ಮೊದಲು ತಿದ್ದಬೇಕು. ಅವರ ಮುಂದೆ ಇದ್ದದ್ದು ಪೂರ್ಣ ಸ್ವಾತಂತ್ರ್ಯದ ಪ್ರಶ್ನೆಯಲ್ಲ, ನ್ಯೂಜಿಲೆಂಡಿನೊಂದಿಗೆ ಮುಕ್ತ ಸಹಯೋಗದ ಪ್ರಶ್ನೆ. ಅವರು ‘ಬೇಡ’ ಎನ್ನಲೂ ಇಲ್ಲ. ಎರಡೂ ಸಲ ಹೆಚ್ಚಿನವರು ‘ಬೇಕು’ ಎಂದೇ ಮತ ಹಾಕಿದರು. ಆದರೂ ಫಲಿತಾಂಶ ಯಾಕೆ ಹಾಗಾಯಿತು ಎಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸ್ವಯಂನಿರ್ಣಯ ಎಂಬ ದೊಡ್ಡ ಪದದ ಒಳಗೆ ಏನಿದೆ ಎಂಬುದು ಈ ಸಣ್ಣ ಜಾಗದಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಅತಾಫು, ನುಕುನೊನು, ಫಕಾಓಫೊ ಎಂಬ ಮೂರು ಹವಳದ ದ್ವೀಪಗಳು ಸೇರಿದರೆ ಟೊಕೆಲಾವ್. ಮೂರರ ನೆಲವನ್ನೂ ಕೂಡಿಸಿದರೆ ಸುಮಾರು 12 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 1,500. ನಡುವೆ ಲಗೂನಿನ ತಿಳಿನೀರು, ಸುತ್ತ ಉಂಗುರದಂತೆ ತೆಂಗು ಬೆಳೆದ ಮರಳದಿಣ್ಣೆಗಳು. ಯಾವ ದಿಣ್ಣೆಯೂ ಸಮುದ್ರಮಟ್ಟದಿಂದ ಐದು ಮೀಟರಿಗಿಂತ ಹೆಚ್ಚು ಎತ್ತರವಿಲ್ಲ. ವಿಮಾನ ನಿಲ್ದಾಣವಿಲ್ಲ. ಸಮೋವಾದ ರಾಜಧಾನಿ ಆಪಿಯಾದಿಂದ ಹಡಗು ಹತ್ತಿದರೆ ಒಂದು ಹಗಲು ಒಂದು ರಾತ್ರಿ ಕಳೆದರೂ ಪಯಣ ಮುಗಿದಿರುವುದಿಲ್ಲ. ಅವರ ನೆಲ ಇಷ್ಟು ಕಿರಿದಾದರೂ ಅವರ ಆರ್ಥಿಕ ವಲಯದ ಕಡಲು ಮೂರು ಲಕ್ಷ ಚದರ ಕಿಲೋಮೀಟರಿಗೂ ಮಿಗಿಲು, ಅಂದರೆ ನಮ್ಮ ಇಡೀ ರಾಜ್ಯದ ಒಂದೂವರೆ ಪಟ್ಟಿಗಿಂತ ಹೆಚ್ಚು. ಅಲ್ಲಿ ಟ್ಯೂನಾ ಹಿಡಿಯಲು ಬರುವ ಹೊರದೇಶದ ಹಡಗುಗಳು ಕಟ್ಟುವ ಪರವಾನಗಿ ಶುಲ್ಕವೇ ಅವರ ಸ್ವಂತ ಆದಾಯದ ದೊಡ್ಡ ಪಾಲು.

1863ರಲ್ಲಿ ಪೆರುವಿನ ಗುಲಾಮಿ ಹಡಗುಗಳು ಬಂದು ಅಲ್ಲಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಹೊತ್ತೊಯ್ದವು. ಅದಾದ ಮೇಲೆ ಬ್ರಿಟಿಷರ ರಕ್ಷಣೆ ಬಂತು. ಆಮೇಲೆ ಗಿಲ್ಬರ್ಟ್ ಮತ್ತು ಎಲಿಸ್ ದ್ವೀಪಗಳ ವಸಾಹತಿಗೆ ಅವರನ್ನು ಜೋಡಿಸಲಾಯಿತು. 1920ರ ದಶಕದಲ್ಲಿ ಆಡಳಿತ ನ್ಯೂಜಿಲೆಂಡಿಗೆ ಹಸ್ತಾಂತರವಾಯಿತು. 1949ರ ಜನವರಿ 1ರಿಂದ ಅವರ ನೆಲ ನ್ಯೂಜಿಲೆಂಡಿನ ಭಾಗವೂ ಆಯಿತು. ಈ ನಾಲ್ಕೂ ಬದಲಾವಣೆಗಳಲ್ಲಿ ಒಮ್ಮೆಯಾದರೂ ‘ನಿಮಗಿದು ಒಪ್ಪಿಗೆಯೇ’ ಎಂದು ಅಲ್ಲಿನವರ ಮುಂದೆ ಮತಪೆಟ್ಟಿಗೆ ಇಟ್ಟವರಿಲ್ಲ.

ಹಾಗೆಂದು ಅವರಿಗೆ ತಮ್ಮನ್ನು ತಾವು ಆಳಿಕೊಳ್ಳಲು ಬರುತ್ತಿರಲಿಲ್ಲವೆಂದು ಭಾವಿಸಬಾರದು. ಅಲ್ಲಿ ಇನಾತಿ ಎಂಬ ಪದ್ಧತಿಯಿದೆ. ಊರಿನ ಗಂಡಸರು ಕೂಡಿ ಹಿಡಿದು ತಂದ ಮೀನನ್ನು ದಡದಲ್ಲಿ ಒಂದೆಡೆ ಸುರಿಯುತ್ತಾರೆ. ಹಂಚುವ ಹೊಣೆ ಹೊತ್ತವರು ಮನೆತನಗಳ ಲೆಕ್ಕದಲ್ಲಿ ಸಾಲಾಗಿ ರಾಶಿಗಳನ್ನು ಮಾಡುತ್ತಾರೆ. ಮನೆಯಲ್ಲಿ ತಲೆ ಎಷ್ಟೋ ಪಾಲು ಅಷ್ಟು. ದೋಣಿ ಹತ್ತಲಾರದ ಮುದುಕಿಗೂ ತೊಟ್ಟಿಲ ಕೂಸಿಗೂ ಲೆಕ್ಕ ಒಂದೇ, ಬಲೆ ಎಳೆದವನಿಗೆ ಹೆಚ್ಚಿನ ಪಾಲಿಲ್ಲ. ಈ ವ್ಯವಸ್ಥೆಯನ್ನು ನಡೆಸುವುದು ‘ತೌಪುಲೇಗ’ ಎಂಬ ಊರ ಹಿರಿಯರ ಸಭೆ. 1994ರಲ್ಲಿ ನ್ಯೂಜಿಲೆಂಡ್ ತನ್ನ ಆಡಳಿತಾಧಿಕಾರಿಯ ಅಧಿಕಾರವನ್ನು ಮೂರೂ ದ್ವೀಪಗಳ ಪ್ರತಿನಿಧಿಗಳ ಮಹಾಸಭೆಗೆ ವಹಿಸಿತು, 1996ರಲ್ಲಿ ಆ ಸಭೆಗೆ ಶಾಸನ ಮಾಡುವ ಅಧಿಕಾರವೂ ಬಂತು. ಸರ್ಕಾರದ ಮುಖ್ಯಸ್ಥರ ಸ್ಥಾನ ವರ್ಷಕ್ಕೊಂದು ದ್ವೀಪದಂತೆ ಸುತ್ತುತ್ತದೆ, ಆ ವರ್ಷ ಯಾವ ದ್ವೀಪದ ಸರದಿಯೋ ಆ ದ್ವೀಪವೇ ರಾಜಧಾನಿ.

ಇನ್ನು ಮತದಾನದ ವಿಷಯ. 2006ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ವೀಕ್ಷಕರ ಮುಂದೆ ಮೊದಲ ಜನಮತಗಣನೆ ನಡೆಯಿತು. ಆಪಿಯಾದಲ್ಲಿದ್ದವರು ಮೊದಲು ಮತ ಹಾಕಿದರು, ಆಮೇಲೆ ಹಡಗಿನಲ್ಲಿ ಮತಪೆಟ್ಟಿಗೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಯಿತು. 581 ಮತಗಳಲ್ಲಿ 349 ಪರವಾಗಿ ಬಂದವು, ಅಂದರೆ ಶೇ 60. ಆದರೆ ಮೂರನೇ ಎರಡರಷ್ಟು ಮತ ಬೇಕೆಂಬ ನಿಯಮವನ್ನು ಅವರ ಮಹಾಸಭೆಯೇ ಮಾಡಿಕೊಂಡಿತ್ತು. 2007ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಕೇಳಿದಾಗ 446 ಮಂದಿ, ಅಂದರೆ ಶೇ 64.4ರಷ್ಟು ಜನ ಒಪ್ಪಿದರು. ಗುರಿಗೆ ಬೇಕಾಗಿದ್ದದ್ದು ಇನ್ನು ಹದಿನಾರೇ ಹದಿನಾರು ಮತ.

ಈ ಹದಿನಾರು ಮತಗಳನ್ನು ಸೋಲು ಎಂದು ಬರೆದವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಇಡೀ ಊರು ಕೂತು, ಮಾತಾಡಿ, ಒಂದು ಮನಸ್ಸಿಗೆ ಬಂದ ಮೇಲೆಯೇ ತೀರ್ಮಾನ ಮಾಡುವ ರೂಢಿಯಿರುವಲ್ಲಿ, ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂತೆಂದು ಎಲ್ಲರ ಬದುಕಿನ ದಿಕ್ಕನ್ನು ಬದಲಿಸಿದರೆ ಊರು ಎರಡಾಗುತ್ತದೆ. ಐದುನೂರು ಜನರಿರುವ ದ್ವೀಪದಲ್ಲಿ ಎರಡಾದ ಊರಿಗೆ ಬೇರೆ ಹೋಗಲು ಜಾಗವಿಲ್ಲ. ವಿರುದ್ಧ ಮತ ಹಾಕಿದವರ ಅಳುಕಿಗೂ ಆಧಾರವಿತ್ತು. ಆಸ್ಪತ್ರೆ, ಶಾಲೆ, ಹಡಗು ಇವಕ್ಕೆಲ್ಲ ಹಣದ ಬಹುಪಾಲು ಬರುವುದು ನ್ಯೂಜಿಲೆಂಡಿನಿಂದ, ಮತ್ತು ಆ ದೇಶದ ಪೌರತ್ವ ಇರುವುದರಿಂದಲೇ ಮಕ್ಕಳು ಅಲ್ಲಿ ಹೋಗಿ ನೆಲೆಸಲು ಸಾಧ್ಯವಾಗಿದೆ. ಒಪ್ಪಂದದ ಕರಡಿನಲ್ಲಿ ನೆರವಿನ ಭರವಸೆ ಇತ್ತು, ನಿಜ. ಆದರೆ ಕಾಗದದ ಭರವಸೆ ಬದಲಾಗುವುದನ್ನು ಹಿರಿಯರು ಕಂಡವರು. ಇದಲ್ಲದೆ ನ್ಯೂಜಿಲೆಂಡಿನಲ್ಲಿ ನೆಲೆಸಿದ ಟೊಕೆಲಾವ್ ಮೂಲದವರ ಸಂಖ್ಯೆ ದ್ವೀಪಗಳಲ್ಲಿ ಇರುವವರ ಹಲವು ಪಟ್ಟು, ಅವರಿಗೆ ಮತವಿರಲಿಲ್ಲ. ಮತವಿದ್ದ ಅಜ್ಜಿ ಮತವಿಲ್ಲದ ಮೊಮ್ಮಕ್ಕಳನ್ನು ನೆನೆದು ಕೈ ಹಿಂದೆಗೆದಿದ್ದರೆ ಅದನ್ನು ಅಂಜಿಕೆ ಎಂದು ತಳ್ಳಿಹಾಕಲಾಗದು, ಅದೂ ಒಂದು ತೀರ್ಮಾನವೇ.

ಆಮೇಲೆ ಅವರು ಕೈಕಟ್ಟಿ ಕೂರಲಿಲ್ಲ. ನಕ್ಷತ್ರಗಳ ಕಡೆಗೆ ಹಾಯಿ ಬಿಚ್ಚಿ ಹೊರಟ ದೋಣಿಯ ಚಿತ್ರವಿರುವ ಸ್ವಂತ ಧ್ವಜವನ್ನು ಅಳವಡಿಸಿಕೊಂಡರು, 2012ರಲ್ಲಿ ಡೀಸೆಲ್ ಜನರೇಟರುಗಳನ್ನು ಬದಿಗಿಟ್ಟು ಮೂರೂ ದ್ವೀಪಗಳ ವಿದ್ಯುತ್ತನ್ನು ಬಹುತೇಕ ಸೌರಫಲಕಗಳಿಂದಲೇ ಪಡೆಯುವಂತೆ ಮಾಡಿಕೊಂಡರು. ಪಟ್ಟಿಯಲ್ಲಿ ಹೆಸರು ಹಾಗೆಯೇ ಇದೆ. ಮತ್ತೆ ಯಾವಾಗ ಕೇಳಬೇಕೆಂಬುದನ್ನು ಅವರೇ ನಿರ್ಧರಿಸುತ್ತಾರೆ.

ಪ್ರಶ್ನೆ: ಒಂದೂವರೆ ಸಾವಿರ ಜನರಿಗೆ ಒಂದು ದೇಶ ಸಾಧ್ಯವೇ? ಕನಿಷ್ಠ ಜನಸಂಖ್ಯೆ ಎಂಬ ನಿಯಮವಿಲ್ಲವೇ? (ತುಮಕೂರಿನ ಓದುಗರು)

ಉತ್ತರ: ಇಲ್ಲ. ವಿಸ್ತೀರ್ಣ, ಜನಸಂಖ್ಯೆ, ದೂರ, ಸಂಪನ್ಮೂಲ ಇವುಗಳಲ್ಲಿ ಯಾವುದರ ಕೊರತೆಯೂ ಸ್ವಯಂನಿರ್ಣಯವನ್ನು ಮುಂದೂಡಲು ನೆಪವಾಗಬಾರದು ಎಂದು ವಿಶ್ವಸಂಸ್ಥೆಯ ಮಹಾಸಭೆ ಮತ್ತೆ ಮತ್ತೆ ಹೇಳಿದೆ. ನೌರು 21 ಚದರ ಕಿಲೋಮೀಟರಿನ ದ್ವೀಪ. 1968ರಲ್ಲಿ ಸ್ವತಂತ್ರ ಗಣರಾಜ್ಯವಾಯಿತು. ಟೊಕೆಲಾವ್ ಹಿಂದೊಮ್ಮೆ ಸೇರಿದ್ದ ಅದೇ ಗಿಲ್ಬರ್ಟ್ ಮತ್ತು ಎಲಿಸ್ ವಸಾಹತಿನ ಎಲಿಸ್ ದ್ವೀಪದವರು 1974ರಲ್ಲಿ 293ರ ವಿರುದ್ಧ 3,799 ಮತಗಳಿಂದ ಬೇರೆಯಾಗಲು ತೀರ್ಮಾನಿಸಿ, 1978ರಲ್ಲಿ ಟುವಾಲು ಎಂಬ ಸ್ವತಂತ್ರ ದೇಶವಾದರು. ಎರಡೂ ಇಂದು ವಿಶ್ವಸಂಸ್ಥೆಯ ಸದಸ್ಯರಾಷ್ಟ್ರಗಳು. ನ್ಯೂಜಿಲೆಂಡಿನೊಂದಿಗೆ ಮುಕ್ತ ಸಹಯೋಗವನ್ನು 1965ರಲ್ಲಿ ಕುಕ್ ದ್ವೀಪಗಳೂ 1974ರಲ್ಲಿ ನಿಯುವೆಯೂ ಆರಿಸಿಕೊಂಡವು. ನಿಯುವೆಯ ಜನಸಂಖ್ಯೆ ಈಗ ಎರಡು ಸಾವಿರದ ಆಸುಪಾಸು.

ಪ್ರಶ್ನೆ: ನ್ಯೂ ಕ್ಯಾಲಿಡೋನಿಯಾದವರು ಮೂರು ಸಲ ಫ್ರಾನ್ಸಿನೊಂದಿಗೇ ಇರುತ್ತೇವೆ ಎಂದ ಮೇಲೂ ಗಲಭೆ ಯಾಕೆ? ಬಹುಮತವನ್ನು ಒಪ್ಪಬೇಡವೇ? (ಬೆಂಗಳೂರಿನ ಓದುಗರು)

ಉತ್ತರ: ಬಹುಮತ ಯಾರ ನಡುವಿನದು ಎಂಬುದೇ ಅಲ್ಲಿನ ಜಗಳ. ಫ್ರಾನ್ಸ್ 1853ರಲ್ಲಿ ಆ ದ್ವೀಪವನ್ನು ತನ್ನದಾಗಿಸಿಕೊಂಡಿತು. ಮೂಲನಿವಾಸಿಗಳಾದ ಕನಾಕರು 2019ರ ಜನಗಣತಿಯ ವೇಳೆಗೆ ಶೇ 41ರಷ್ಟಿದ್ದರು. ಇದು ತಾನಾಗಿ ಆದದ್ದಲ್ಲ. ನಿಕ್ಕಲ್ ಗಣಿಗಾರಿಕೆ ಜೋರಾಗಿದ್ದ 1972ರಲ್ಲಿ ಫ್ರಾನ್ಸಿನ ಪ್ರಧಾನಿ ಪಿಯರ್ ಮೆಸ್ಮರ್, ಮುಖ್ಯಭೂಮಿಯಿಂದ ಫ್ರೆಂಚರನ್ನು ಹೆಚ್ಚಾಗಿ ಕಳುಹಿಸಿ ನೆಲೆಗೊಳಿಸಿದರೆ ಸ್ಥಳೀಯರ ರಾಷ್ಟ್ರೀಯ ಬೇಡಿಕೆಯನ್ನು ತಡೆಯಬಹುದು ಎಂಬ ಅರ್ಥದ ಪತ್ರವನ್ನು ತಮ್ಮ ಸಚಿವರಿಗೆ ಬರೆದಿದ್ದರು. ಮೊದಲು ಜನಸಂಖ್ಯೆಯನ್ನು ಬದಲಿಸಿ, ಆಮೇಲೆ ತಲೆ ಎಣಿಸಿ, ಅದನ್ನೇ ಜನಮತವೆಂದರೆ ಅದು ನ್ಯಾಯವಾಗುವುದು ಹೇಗೆ?

ಇದನ್ನು ಅರಿತೇ 1998ರ ನುಮಿಯಾ ಒಪ್ಪಂದವು ದೀರ್ಘಕಾಲದಿಂದ ನೆಲೆಸಿದವರಿಗಷ್ಟೇ ಮತದ ಹಕ್ಕನ್ನು ಸೀಮಿತಗೊಳಿಸಿತು. ಅದರಂತೆ 2018ರಲ್ಲಿ ಶೇ 56.7 ಮಂದಿ, 2020ರಲ್ಲಿ ಶೇ 53.3 ಮಂದಿ ಸ್ವಾತಂತ್ರ್ಯ ಬೇಡವೆಂದರು. ಅಂತರ ಕಿರಿದಾಗುತ್ತಿತ್ತು, ಎರಡನೆಯ ಸಲ ಶೇ 85ಕ್ಕೂ ಹೆಚ್ಚು ಮತದಾನವಾಗಿತ್ತು. 2021ರ ಸೆಪ್ಟೆಂಬರಿನಲ್ಲಿ ಕೋವಿಡ್ ಬಂತು. ಸಾವುಗಳ ದೊಡ್ಡ ಪಾಲು ಕನಾಕರಲ್ಲೇ ಆಯಿತು. ಸೂತಕದ ಆಚರಣೆ ಮುಗಿಯುವವರೆಗೆ ಪ್ರಚಾರ ಮಾಡಲಾರೆವು, ಮತದಾನವನ್ನು ಮುಂದೂಡಿ ಎಂದು ಅವರ ನಾಯಕರು ಕೇಳಿಕೊಂಡರು. ಪ್ಯಾರಿಸ್ ಒಪ್ಪಲಿಲ್ಲ. ಡಿಸೆಂಬರ್ 12ರಂದು ಸ್ವಾತಂತ್ರ್ಯವಾದಿಗಳು ಮತದಾನದಿಂದ ದೂರ ಉಳಿದರು, ಮತಗಟ್ಟೆಗೆ ಬಂದವರು ಶೇ 44ರಷ್ಟು ಮಾತ್ರ, ಅವರಲ್ಲಿ ಶೇ 96.5 ಮಂದಿ ಬೇಡವೆಂದರು. ಮೊದಲ ಎರಡು ಮತದಾನಗಳ ಫಲಿತಾಂಶವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಮೂರನೆಯದನ್ನು ಅವುಗಳ ಸಾಲಿನಲ್ಲಿ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಶವಸಂಸ್ಕಾರದ ಮನೆಯಲ್ಲಿ ನಿಂತು ‘ಈಗಲೇ ಸಹಿ ಹಾಕಿ’ ಎಂದವರ ಪತ್ರಕ್ಕೆ ನಮ್ಮೂರಿನ ಪಂಚಾಯಿತಿಯೂ ಬೆಲೆ ಕೊಡುವುದಿಲ್ಲ.

2024ರ ಮೇ ತಿಂಗಳಲ್ಲಿ ಪ್ರಾಂತೀಯ ಚುನಾವಣೆಗಳ ಮತದಾರರ ಪಟ್ಟಿಯನ್ನು ಹತ್ತು ವರ್ಷ ನೆಲೆಸಿದವರಿಗೂ ತೆರೆಯುವ ತಿದ್ದುಪಡಿ ಪ್ಯಾರಿಸ್ಸಿನ ಸಂಸತ್ತಿಗೆ ಬಂದಾಗ ಬೆಂಕಿ ಹೊತ್ತಿತು. ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ತಿದ್ದುಪಡಿಯನ್ನು ಕೈಬಿಡಲಾಯಿತು. ಹತ್ತಿಪ್ಪತ್ತು ವರ್ಷದಿಂದ ಅಲ್ಲೇ ದುಡಿದು, ಅಲ್ಲೇ ಮಕ್ಕಳನ್ನು ಬೆಳೆಸಿದವರು ‘ನಮಗೂ ಮತ ಬೇಕು’ ಎಂದರೆ ಅದರಲ್ಲೂ ತಪ್ಪಿಲ್ಲ. ಈ ಎರಡು ನ್ಯಾಯಗಳ ನಡುವೆ ಮಾತುಕತೆಯಿಂದ ಮಾತ್ರ ದಾರಿ ತೆರೆದೀತು.

ಅಮೆರಿಕದ ಗ್ವಾಮಿನಲ್ಲಿ ಇದೇ ತೊಡಕು ಬೇರೆ ರೂಪದಲ್ಲಿದೆ. ತಮ್ಮ ಭವಿಷ್ಯದ ಮೇಲಿನ ಮತದಾನವನ್ನು 1950ರ ಕಾಯ್ದೆಯಿಂದ ಪೌರರಾದ ಮೂಲನಿವಾಸಿಗಳಿಗೆ ಮತ್ತು ಅವರ ವಂಶಸ್ಥರಿಗೆ ಮೀಸಲಿಡುವ ಕಾನೂನನ್ನು ಅಲ್ಲಿನವರು ಮಾಡಿಕೊಂಡಿದ್ದರು. ಅದು ಜನಾಂಗದ ಆಧಾರದ ಮೇಲಿನ ನಿರ್ಬಂಧವೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ತಳ್ಳಿಹಾಕಿತು. ಅದೇ ಗ್ವಾಮಿನ ಪೌರರು ದ್ವೀಪದಲ್ಲಿ ಇರುವವರೆಗೆ ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ, ಸಂಸತ್ತಿನಲ್ಲಿ ಅವರ ಪ್ರತಿನಿಧಿಗೆ ಅಂತಿಮ ಮತದಾನದ ಹಕ್ಕಿಲ್ಲ.

ಪ್ರಶ್ನೆ: ಚಾಗೋಸ್ ದ್ವೀಪಗಳ ಹೆಸರು ಈ ಪಟ್ಟಿಯಲ್ಲಿ ಯಾಕಿಲ್ಲ? (ಮೈಸೂರಿನ ಓದುಗರು)

ಉತ್ತರ: ಅಲ್ಲಿ ಜನರೇ ಇಲ್ಲವೆಂದು ತೋರಿಸಲಾಯಿತು, ಅದಕ್ಕೆ. ನಮ್ಮದೇ ಹಿಂದೂ ಮಹಾಸಾಗರದಲ್ಲಿ ನಡೆದ ಈ ಸಂಗತಿಯನ್ನು ಬರೆಯುವಾಗ ಪ್ರತಿ ಸಲವೂ ಕೈ ತಡೆಯುತ್ತದೆ. 1965ರ ನವೆಂಬರಿನಲ್ಲಿ, ಮಾರಿಷಸ್ ಇನ್ನೂ ತನ್ನ ವಸಾಹತಾಗಿದ್ದಾಗಲೇ, ಬ್ರಿಟನ್ ಚಾಗೋಸನ್ನು ಅದರಿಂದ ಕತ್ತರಿಸಿ ಬೇರೆ ಪ್ರದೇಶವೆಂದು ಘೋಷಿಸಿತು. ಡಿಯಾಗೋ ಗಾರ್ಸಿಯಾ ದ್ವೀಪದಲ್ಲಿ ಅಮೆರಿಕದ ಸೇನಾನೆಲೆಗೆ ಜಾಗ ಬೇಕಾಗಿತ್ತು. ಅಲ್ಲಿ ತೆಂಗಿನ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಸಮುದಾಯವಿತ್ತು. ಅವರನ್ನು ಕಾಯಂ ನಿವಾಸಿಗಳೆಂದು ಒಪ್ಪಿದರೆ 73ನೇ ವಿಧಿಯಂತೆ ವಿಶ್ವಸಂಸ್ಥೆಗೆ ಲೆಕ್ಕ ಕೊಡಬೇಕಾಗುತ್ತದೆ ಎಂಬ ಕಾರಣಕ್ಕೆ, ಅವರು ಗುತ್ತಿಗೆಯ ಕೂಲಿಗಳೆಂಬ ಮಾತನ್ನು ಕಟ್ಟಲಾಯಿತು. ಇದು ಆಮೇಲೆ ಬಹಿರಂಗವಾದ ಬ್ರಿಟಿಷ್ ಸರ್ಕಾರದ ಕಡತಗಳಲ್ಲೇ ಇದೆ. 1973ರ ವೇಳೆಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಡಗು ಹತ್ತಿಸಿ ಮಾರಿಷಸ್ ಮತ್ತು ಸೆಶೆಲ್ಸಿನ ಬಂದರುಗಳಲ್ಲಿ ಇಳಿಸಿ ಬಿಡಲಾಯಿತು. ಹೊರಡುವ ಮೊದಲು ಅವರ ಸಾಕುನಾಯಿಗಳನ್ನು ಕೊಬ್ಬರಿ ಒಣಗಿಸುವ ಗೂಡಿನೊಳಗೆ ಕೂಡಿ ಹೊಗೆಯಿಟ್ಟು ಕೊಂದರು.

2019ರ ಫೆಬ್ರವರಿ 25ರಂದು ಅಂತರರಾಷ್ಟ್ರೀಯ ನ್ಯಾಯಾಲಯವು 13-1ರ ಬಹುಮತದಿಂದ, ಮಾರಿಷಸ್ಸಿನ ನಿರ್ವಸಾಹತೀಕರಣ ಕಾನೂನುಬದ್ಧವಾಗಿ ಪೂರ್ಣಗೊಂಡಿಲ್ಲ, ಬ್ರಿಟನ್ ಆದಷ್ಟು ಬೇಗ ಅಲ್ಲಿನ ಆಡಳಿತವನ್ನು ಕೊನೆಗೊಳಿಸಬೇಕು ಎಂಬ ಸಲಹಾ ಅಭಿಪ್ರಾಯ ನೀಡಿತು. ಭಾರತದ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಆ ಬಹುಮತದಲ್ಲಿದ್ದರು. ಅದೇ ಮೇ ತಿಂಗಳಲ್ಲಿ ಮಹಾಸಭೆ 116-6ರಿಂದ ಅದನ್ನು ಎತ್ತಿಹಿಡಿಯಿತು. ಭಾರತ ಪರವಾಗಿ ಮತ ಹಾಕಿತು. 2025ರ ಮೇ 22ರಂದು ಸಹಿಯಾದ ಒಪ್ಪಂದವು ಸಾರ್ವಭೌಮತ್ವವನ್ನು ಮಾರಿಷಸ್ಸಿಗೆ ಕೊಟ್ಟು, ಡಿಯಾಗೋ ಗಾರ್ಸಿಯಾವನ್ನು 99 ವರ್ಷಗಳ ಗುತ್ತಿಗೆಗೆ ಬ್ರಿಟನ್ನಿನ ಕೈಯಲ್ಲೇ ಉಳಿಸುತ್ತದೆ. ಎರಡು ಸರ್ಕಾರಗಳು ಕೂತು ಬರೆದ ಆ ಒಪ್ಪಂದದ ಮೇಜಿನಲ್ಲಿ ಚಾಗೋಸಿನವರಿಗೆ ಕುರ್ಚಿ ಇರಲಿಲ್ಲ. ಅವರಲ್ಲೂ ಒಮ್ಮತವಿಲ್ಲ, ಕೆಲವರು ಮಾರಿಷಸ್ಸಿನೊಂದಿಗೆ ನಿಂತರು, ಇಂಗ್ಲೆಂಡಿನಲ್ಲಿ ನೆಲೆಸಿದ ಹಲವರು ವಿರೋಧಿಸಿದರು. ಒಮ್ಮತವಿಲ್ಲದಿರುವುದು ಕೇಳದೇ ಇರುವುದಕ್ಕೆ ಕಾರಣವಾಗಬಾರದಿತ್ತು.

ಪ್ರಶ್ನೆ: ಫಾಕ್‌ಲ್ಯಾಂಡಿನ ಜನ ಬ್ರಿಟನ್ನೇ ಬೇಕೆಂದಿದ್ದಾರಲ್ಲ? (ಹುಬ್ಬಳ್ಳಿಯ ಓದುಗರು)

ಉತ್ತರ: ಹೌದು. ಬ್ರಿಟನ್ ಆಳುವ, ಅರ್ಜೆಂಟೀನಾ ತನ್ನದೆನ್ನುವ ದಕ್ಷಿಣ ಅಟ್ಲಾಂಟಿಕ್ ಸಾಗರದ ಆ ದ್ವೀಪಗಳಲ್ಲಿ 2013ರ ಮಾರ್ಚಿನಲ್ಲಿ 1,513 ಮಂದಿ ಬೇಕೆಂದರು, ಮೂವರು ಬೇಡವೆಂದರು. 1833ರಲ್ಲಿ ದ್ವೀಪವನ್ನು ಕಿತ್ತುಕೊಂಡು ತನ್ನವರನ್ನು ತಂದು ನೆಲೆಗೊಳಿಸಿದ ದೇಶ ಈಗ ಅವರ ಮತವನ್ನೇ ಮುಂದೊಡ್ಡುತ್ತಿದೆ ಎಂಬುದು ಅರ್ಜೆಂಟೀನಾದ ವಾದ. ವಿಶ್ವಸಂಸ್ಥೆ ಎರಡೂ ಸರ್ಕಾರಗಳು ಮಾತಾಡಿ ಎನ್ನುತ್ತಲೇ ಬಂದಿದೆ. ಎಂಟು ಒಂಬತ್ತು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರನ್ನು ಇನ್ನೂ ಹೊರಗಿನವರೆನ್ನಲು ನನಗೆ ಮನಸ್ಸಾಗುವುದಿಲ್ಲ.

ಪ್ರಶ್ನೆ: ನಮ್ಮ ಊರಿನ ಎದುರಿಗೇ ಇರುವ ಅಂಜುದೀವ ಕೂಡ ಒಂದು ಕಾಲದಲ್ಲಿ ಇಂಥ ಪಟ್ಟಿಯಲ್ಲಿತ್ತು ಎಂದು ಹಿರಿಯರೊಬ್ಬರು ಹೇಳಿದರು. ನಿಜವೇ? (ಕಾರವಾರದ ಓದುಗರು)

ಉತ್ತರ: ನಿಜ. ಬಿಣಗಾ, ಅರ್ಗಾ ಊರುಗಳ ಎದುರಿನ ಆ ದ್ವೀಪ ಗೋವಾದ ಜೊತೆ ಪೋರ್ಚುಗೀಸರ ವಶದಲ್ಲಿತ್ತು. 1951ರಲ್ಲಿ ಪೋರ್ಚುಗಲ್ ತನ್ನ ಸಂವಿಧಾನವನ್ನು ತಿದ್ದಿ, ವಸಾಹತುಗಳನ್ನು ‘ಸಾಗರದಾಚೆಯ ಪ್ರಾಂತ್ಯಗಳು’ ಎಂದು ಕರೆದು, ನಮಗೆ ವಸಾಹತುಗಳೇ ಇಲ್ಲ, ವರದಿ ಕಳುಹಿಸುವ ಮಾತೇ ಇಲ್ಲ ಎಂದು ವಾದಿಸಿತು. ಮಹಾಸಭೆ ಒಪ್ಪಲಿಲ್ಲ. 1541ನೇ ನಿರ್ಣಯ ಬಂದ ದಿನವೇ, ಅಂದರೆ 1960ರ ಡಿಸೆಂಬರ್ 15ರಂದು, 1542ನೇ ನಿರ್ಣಯವು ಅಂಗೋಲಾ, ಮೊಜಾಂಬಿಕ್, ಟಿಮೋರ್ ಇವುಗಳೊಂದಿಗೆ ‘ಗೋವಾ ಮತ್ತು ಅದರ ಅಧೀನ ಪ್ರದೇಶಗಳನ್ನು’ ಸ್ವಯಮಾಡಳಿತವಿಲ್ಲದವು ಎಂದು ಹೆಸರಿಸಿತು. ಅಂಜುದೀವ ಆ ಅಧೀನ ಪ್ರದೇಶಗಳಲ್ಲಿ ಒಂದು.

1961ರ ನವೆಂಬರಿನಲ್ಲಿ ಆ ದ್ವೀಪದಿಂದ ಹಾರಿದ ಗುಂಡುಗಳು ಸಾಬರ್ಮತಿ ಎಂಬ ಪ್ರಯಾಣಿಕರ ಹಡಗಿಗೆ ತಗುಲಿದವು. ಕೆಲವೇ ದಿನಗಳಲ್ಲಿ ಮೀನುಗಾರರೊಬ್ಬರು ಅಲ್ಲಿಂದ ಬಂದ ಗುಂಡಿಗೆ ಬಲಿಯಾದರು. ಡಿಸೆಂಬರ್ 18ರಂದು ನೌಕಾಪಡೆಯ ತ್ರಿಶೂಲ್ ಹಡಗಿನಿಂದ ಸೈನಿಕರು ದ್ವೀಪಕ್ಕೆ ಇಳಿದರು. ಅವರಿಗೆ ಬೆಂಬಲವಾಗಿ ತೋಪು ಹಾರಿಸಿದ ಹಡಗಿನ ಹೆಸರು ಮೈಸೂರು. ಏಳು ಮಂದಿ ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಇಂದು ದ್ವೀಪ ಕಾಗದದಲ್ಲಿ ಗೋವಾಕ್ಕೆ ಸೇರಿದ್ದು, ನೌಕಾನೆಲೆಯ ಅಲೆತಡೆ ಗೋಡೆ ಅದನ್ನು ಕಾರವಾರದ ದಡಕ್ಕೆ ಜೋಡಿಸಿದೆ.

ವಿಮೋಚನೆಯ ಪ್ರಶ್ನೆಯನ್ನು ಗೋವನ್ನರ ಮತಕ್ಕೆ ಹಾಕಿರಲಿಲ್ಲ, ಇದನ್ನು ಮರೆಮಾಚಬೇಕಿಲ್ಲ. ಆದರೆ ಮಹಾರಾಷ್ಟ್ರದೊಂದಿಗೆ ವಿಲೀನವಾಗಬೇಕೇ ಎಂಬ ಪ್ರಶ್ನೆ ಎದ್ದಾಗ, 1967ರ ಜನವರಿ 16ರಂದು ಅವರನ್ನೇ ಕೇಳಲಾಯಿತು. 1,38,170 ಮಂದಿ ವಿಲೀನಕ್ಕೆ, 1,72,191 ಮಂದಿ ಪ್ರತ್ಯೇಕವಾಗಿ ಉಳಿಯುವುದಕ್ಕೆ ಮತ ಹಾಕಿದರು. ತೀರ್ಪು ಹಾಗೆಯೇ ಜಾರಿಯಾಯಿತು. ಗೋವಾ ಇಂದು ಗೋವಾ ಆಗಿಯೇ ಇರುವುದು ಆ ದಿನ ಜನರನ್ನು ಕೇಳಿದ್ದರಿಂದ.

ಪ್ರಶ್ನೆ: ಹಾಗಾದರೆ ಲಕ್ಷದ್ವೀಪವನ್ನು ಏನೆನ್ನುವುದು? (ಮಂಗಳೂರಿನ ಓದುಗರು)

ಉತ್ತರ: ಲಕ್ಷದ್ವೀಪ ಭಾರತದ ಅವಿಭಾಜ್ಯ ಅಂಗ, ಅಲ್ಲಿನವರು ಸಮಾನ ಹಕ್ಕಿನ ಪೌರರು. ನಿಮ್ಮ ಊರಿಗೂ ಅದಕ್ಕೂ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ತೆಂಗಿನ ನಾರು ತುಂಬಿದ ಓಡಗಳು ಮಂಗಳೂರಿಗೆ ಬಂದು ಅಕ್ಕಿ ಹೊತ್ತು ಮರಳುತ್ತಿದ್ದವು. 2011ರ ಜನಗಣತಿಯಂತೆ 64,473 ಜನರಿರುವ ಲಕ್ಷದ್ವೀಪಕ್ಕೆ ಲೋಕಸಭೆಯಲ್ಲಿ ಪೂರ್ಣ ಮತಾಧಿಕಾರವುಳ್ಳ ಒಬ್ಬ ಸದಸ್ಯರಿದ್ದಾರೆ, 1967ರಿಂದ ಅವರನ್ನು ಜನರೇ ಆರಿಸುತ್ತಿದ್ದಾರೆ. ಅದರ ಎರಡು ಪಟ್ಟಿಗೂ ಹೆಚ್ಚು ಜನರಿರುವ ಗ್ವಾಮಿಗೆ ಆ ಹಕ್ಕಿಲ್ಲ. ಆದರೂ ಲಕ್ಷದ್ವೀಪಕ್ಕೆ ಸ್ವಂತ ವಿಧಾನಸಭೆಯಿಲ್ಲ, ಆಡಳಿತಾಧಿಕಾರಿಯನ್ನು ದೆಹಲಿಯಿಂದ ನೇಮಿಸುತ್ತಾರೆ. ದ್ವೀಪದ ಭೂಮಿ, ಕಡಲತೀರ, ಊಟದ ಪದ್ಧತಿಯ ಬಗ್ಗೆ ನಿಯಮ ಬರೆಯುವಾಗ ಅಲ್ಲಿನ ಜನರ ಮಾತನ್ನು ಕೇಳಿಯೇ ಬರೆಯಬೇಕೆಂಬ ಒತ್ತಾಯ ನನ್ನದೂ ಹೌದು.

ಪ್ರಶ್ನೆ: ಸ್ವಾತಂತ್ರ್ಯದ ಹತ್ತಿರ ಬಂದು, ತಾವಾಗಿಯೇ ವಸಾಹತಾಗಿ ಉಳಿದವರು ಯಾರಾದರೂ ಇದ್ದಾರೆಯೇ? (ಶಿರಸಿಯ ಓದುಗರು)

ಉತ್ತರ: ಇದ್ದಾರೆ. ಕೆರಿಬಿಯನ್ನಿನ ಆಂಗ್ವಿಲಾ. 1967ರ ಫೆಬ್ರವರಿಯಲ್ಲಿ ಬ್ರಿಟನ್ ಸೇಂಟ್ ಕಿಟ್ಸ್, ನೆವಿಸ್, ಆಂಗ್ವಿಲಾ ಮೂರನ್ನೂ ಸೇರಿಸಿ ಆಂತರಿಕ ಸ್ವಯಮಾಡಳಿತ ಕೊಟ್ಟಿತು. ಹೊರಗಿನಿಂದ ನೋಡುವವರಿಗೆ ಅದು ವಿಮೋಚನೆ. ಆದರೆ ನೂರು ಕಿಲೋಮೀಟರ್ ದೂರದ ಸೇಂಟ್ ಕಿಟ್ಸಿನ ಸರ್ಕಾರ ರಸ್ತೆ, ವಿದ್ಯುತ್ತು, ಬಂದರು ಯಾವುದನ್ನೂ ತಮಗೆ ಕೊಟ್ಟಿಲ್ಲ, ಮುಂದೆಯೂ ಕೊಡುವುದಿಲ್ಲ ಎಂಬುದು ಆಂಗ್ವಿಲಾದವರ ಅನುಭವವಾಗಿತ್ತು. ಮೇ 30ರಂದು ಅವರು ಸೇಂಟ್ ಕಿಟ್ಸಿನ ಪೊಲೀಸರನ್ನು ದ್ವೀಪದಿಂದ ಹೊರಡಿಸಿದರು. ಜುಲೈ 11ರ ಮತದಾನದಲ್ಲಿ 1,813 ಮಂದಿ ಬೇರೆಯಾಗಬೇಕೆಂದರು, ಬೇಡವೆಂದವರು ಐವರು. 1969ರ ಮಾರ್ಚ್ 19ರ ಬೆಳಗಿನ ಜಾವ ಬ್ರಿಟಿಷ್ ಸೈನಿಕರು ಬಂದಿಳಿದಾಗ ದ್ವೀಪದವರು ಗುಂಡು ಹಾರಿಸಲಿಲ್ಲ. ನಮ್ಮನ್ನು ನೇರವಾಗಿ ನೀವೇ ಆಳಿ, ಆದರೆ ನಾವು ಕೇಳದ ಜೋಡಿಗೆ ಕಟ್ಟಬೇಡಿ ಎಂಬುದೇ ಅವರ ಬೇಡಿಕೆಯಾಗಿತ್ತು. 1980ರ ಡಿಸೆಂಬರಿನಲ್ಲಿ ಅದು ವಿಧಿಪೂರ್ವಕವಾಗಿ ಈಡೇರಿತು. 1983ರಲ್ಲಿ ಸೇಂಟ್ ಕಿಟ್ಸ್ ಮತ್ತು ನೆವಿಸ್ ಸ್ವತಂತ್ರ ದೇಶವಾದಾಗ ಆಂಗ್ವಿಲಾ ಅದರಲ್ಲಿರಲಿಲ್ಲ. ಇಂದಿಗೂ ಅದರ ಹೆಸರು ಹದಿನೇಳರ ಪಟ್ಟಿಯಲ್ಲಿದೆ, ಪ್ರತಿ ವರ್ಷ ಮೇ 30ರಂದು ಅಲ್ಲಿನವರು ದ್ವೀಪವನ್ನು ಸುತ್ತುವ ಹಾಯಿದೋಣಿಗಳ ಪಂದ್ಯ ನಡೆಸಿ ಆ ದಿನವನ್ನು ನೆನೆಯುತ್ತಾರೆ.